ಖಾಲಿ ಗಾಡಿ ನಿಲ್ಲಬಹುದು, ಒಳಗೆ ಮಲಗಿದವರಿದ್ದರೆ ನಿಲ್ಲಬಾರದೇ? ನಿಲುಗಡೆಯ ನಿಯಮ ಬರೆಯುವವರಿಗೆ ಬಹಿರಂಗ ಪತ್ರ

ಮಾನ್ಯರೇ,

ಇದು ಯಾವುದೋ ಒಂದು ಊರಿನ ಆಡಳಿತಕ್ಕೆ ಬರೆದ ಪತ್ರವಲ್ಲ. ರಸ್ತೆ ಬದಿಯ ನಿಲುಗಡೆಗೆ ನಿಯಮ ಬರೆಯುವವರು, ಅದಕ್ಕೆ ಸಹಿ ಹಾಕುವವರು, ರಾತ್ರಿ ಪಾಳಿಯಲ್ಲಿ ಟಾರ್ಚು ಹಿಡಿದು ಅದನ್ನು ಜಾರಿ ಮಾಡುವವರು, ಎಲ್ಲಿಯವರೇ ಆಗಿರಲಿ, ಎಲ್ಲರಿಗೂ ಬರೆಯುತ್ತಿದ್ದೇನೆ. ನಾನು ಆರು ವರ್ಷದಿಂದ ಒಂದು ವ್ಯಾನಿನಲ್ಲಿ ವಾಸವಾಗಿದ್ದೇನೆ. ವಾರಾಂತ್ಯಕ್ಕೆ, ರಜೆಗೆ ಅಂತಲ್ಲ, ವರ್ಷದ ಅಷ್ಟೂ ದಿನ. ಬೀಗ ಹಾಕಿ ಬಂದ ಬೇರೊಂದು ಮನೆ ನನಗಿಲ್ಲ.

ನಿಮ್ಮದೊಂದು ಫಲಕ ನನ್ನ ತಲೆಯಿಂದ ಹೋಗುತ್ತಿಲ್ಲ. ‘ರಾತ್ರಿ ವೇಳೆ ವಾಹನದೊಳಗೆ ಮಲಗುವುದನ್ನು ನಿಷೇಧಿಸಲಾಗಿದೆ’ ಎಂದು ಅದರಲ್ಲಿ ಬರೆದಿತ್ತು. ಆ ರಾತ್ರಿ ಅದರ ಆಚೀಚೆ ಏಳು ವಾಹನ ನಿಂತಿದ್ದವು. ಆರು ಖಾಲಿ, ಏಳನೆಯದರಲ್ಲಿ ನಾನಿದ್ದೆ. ಅಲ್ಲಿ ನಿಲ್ಲಿಸಲು ಎಲ್ಲಕ್ಕೂ ಅನುಮತಿಯಿತ್ತು. ಯಾವುದೂ ದಾರಿಗೆ ಅಡ್ಡವಿರಲಿಲ್ಲ, ಯಾವುದರಿಂದಲೂ ಸದ್ದಿರಲಿಲ್ಲ. ರಾತ್ರಿ ಎರಡೂವರೆಗೆ ಗಾಜು ತಟ್ಟಿದ್ದು ನನ್ನ ವ್ಯಾನಿನದು ಮಾತ್ರ. ಬಂದವರು ಒರಟಾಗಿ ಮಾತಾಡಲಿಲ್ಲ, ಅದನ್ನು ಹೇಳಲೇಬೇಕು. ‘ಗಾಡಿ ಇಲ್ಲೇ ಬಿಟ್ಟು ನೀವು ಬೇರೆಲ್ಲಾದರೂ ಹೋಗಿ ಮಲಗಿದರೆ ನನ್ನ ತಕರಾರಿಲ್ಲ’ ಎಂದರು. ಅವರು ನಿಯಮವನ್ನು ಸರಿಯಾಗಿಯೇ ಓದಿದ್ದರು. ವಾಹನ ನಿಂತದ್ದು ತಪ್ಪಲ್ಲ, ಅದರೊಳಗೆ ಒಂದು ಜೀವ ನಿದ್ದೆ ಮಾಡಿದ್ದು ತಪ್ಪು.

ನಾನು ಗಾಡಿ ತೆಗೆದೆ. ಹಿಂದಿನ ಬೆಳಗ್ಗೆ ಐದಕ್ಕೆ ಎದ್ದು, ದಿನವಿಡೀ ದುಡಿದು, ಮಲಗಿ ಇನ್ನೂ ಎರಡು ಗಂಟೆ ಆಗಿರಲಿಲ್ಲ. ಹದಿನೇಳು ಗಂಟೆ ಎಚ್ಚರವಿದ್ದವರ ಕಣ್ಣು ಮತ್ತು ಕೈ, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯ ಇರುವವರದ್ದರಷ್ಟೇ ನಿಧಾನವಾಗುತ್ತವೆ ಎಂಬುದು ಪರೀಕ್ಷೆಗಳಲ್ಲಿ ಕಂಡುಬಂದ ಮಾತು. ಬಹಳಷ್ಟು ದೇಶಗಳಲ್ಲಿ ಆ ಪ್ರಮಾಣದಲ್ಲಿ ಕುಡಿದು ಗಾಡಿ ಓಡಿಸಿದರೆ ಲೈಸೆನ್ಸಿಗೇ ಸಂಚಕಾರ. ದೂರದ ಹೆದ್ದಾರಿಗಳಲ್ಲಿ ‘ನಿದ್ದೆ ಬಂದರೆ ನಿಲ್ಲಿಸಿ ಮಲಗಿ’ ಎಂದು ಬೋರ್ಡು ಹಾಕುವವರೂ ನೀವೇ. ಆ ಬೋರ್ಡಿಗೂ ಈ ಫಲಕಕ್ಕೂ ನಡುವೆ ಸಿಕ್ಕಿಕೊಂಡು ನಾನು ಒಂದು ಗಂಟೆ ಕಣ್ಣುಜ್ಜಿಕೊಳ್ಳುತ್ತಾ ಓಡಿಸಿದೆ. ಯಾರಿಗೂ ಏನೂ ಆಗಲಿಲ್ಲ. ಆಗಬಹುದಿತ್ತು.

ಇಷ್ಟೇ ಆಗಿದ್ದರೆ ನಿದ್ದೆಗೆಟ್ಟ ಸಿಟ್ಟೆಂದು ಬಿಟ್ಟುಬಿಡುತ್ತಿದ್ದೆ. ಪತ್ರ ಬರೆಯಲು ಕಾರಣ ಬೇರೆಯದು. ನಿಮ್ಮ ನಿಯಮ ನಮ್ಮನ್ನು ಅಲ್ಲಿಂದ ಕಳಿಸುವುದಿಲ್ಲ, ಅಡಗಿಸುತ್ತದೆ. ಅಡಗಿ ಮಲಗುವುದು ಎಷ್ಟು ಅಪಾಯವೆಂಬುದು ಒಳಗಿರುವವರಿಗಷ್ಟೇ ಗೊತ್ತು, ನಿಮಗೂ ಗೊತ್ತಾಗಬೇಕು.

ವಾಹನದಲ್ಲಿ ಯಾರೋ ಇದ್ದಾರೆ ಎಂದು ಹೊರಗಿನಿಂದ ಹೇಗೆ ತಿಳಿಯುತ್ತದೆ? ಚಾವಣಿಯ ಕಿಂಡಿ ತೆರೆದಿರುತ್ತದೆ. ಕಿಟಕಿ ಎರಡು ಬೆರಳಷ್ಟು ಇಳಿದಿರುತ್ತದೆ. ಫ್ಯಾನು ತಿರುಗುವ ಸಣ್ಣ ಸದ್ದು ಕೇಳುತ್ತದೆ. ಗಾಜಿನ ಒಳಬದಿಗೆ ಹಬೆ ಕಟ್ಟಿರುತ್ತದೆ. ನಿಮ್ಮವರು ಹುಡುಕುವುದು ಇವನ್ನೇ, ಹಾಗಾಗಿ ಗಾಡಿಯಲ್ಲಿ ಬದುಕಲು ಶುರುಮಾಡಿದವರು ಮೊದಲ ವಾರದಲ್ಲೇ ಮುಚ್ಚಲು ಕಲಿಯುವುದೂ ಇವನ್ನೇ. ಕಿಂಡಿ ಮುಚ್ಚುತ್ತಾರೆ, ಗಾಜು ಪೂರ್ತಿ ಏರಿಸುತ್ತಾರೆ, ಫ್ಯಾನು ಆರಿಸುತ್ತಾರೆ, ಕಿಟಕಿಗೆ ಕಪ್ಪು ಹಲಗೆ ಒತ್ತುತ್ತಾರೆ. ಹೊರಗಿನಿಂದ ನೋಡಿದರೆ ಖಾಲಿ ಗಾಡಿ. ಒಳಗೆ ಗಾಳಿಯಾಡದ ಡಬ್ಬಿ.

ಅಂಥ ಡಬ್ಬಿಯೊಳಗೆ ಚಳಿಗಾಲದಲ್ಲಿ ಒಬ್ಬರು ಗ್ಯಾಸ್ ಸ್ಟವ್ ಹಚ್ಚಿ ಮೈ ಬಿಸಿ ಮಾಡಿಕೊಳ್ಳುತ್ತಾರೆ ಅಂದುಕೊಳ್ಳಿ. ಗಾಳಿ ಸಾಲದೆ ಉರಿಯುವ ಯಾವ ಬೆಂಕಿಯೂ ಕಾರ್ಬನ್ ಮಾನಾಕ್ಸೈಡ್ ಉಗುಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ಮಂಪರು. ಮಲಗಿದವರಿಗೆ ತಲೆನೋವು ಕೂಡ ಗೊತ್ತಾಗುವುದಿಲ್ಲ. ಇದ್ದಿಲ ಒಲೆ ಒಳಗಿಟ್ಟುಕೊಂಡರಂತೂ ಇನ್ನೂ ಬೇಗ. ನನ್ನ ಹಾಸಿಗೆಯ ಪಕ್ಕ, ತಲೆ ಇಡುವ ಎತ್ತರಕ್ಕೆ, ಈ ಅನಿಲಕ್ಕೆ ಕೂಗುವ ಅಲಾರಮ್ ಇದೆ. ಅದು ಒಂದು ಸಲ ಕೂಗಿದೆ. ಆ ರಾತ್ರಿ ಅಡುಗೆ ಮಾಡುವಾಗ ಹೊರಗೆ ಯಾರೋ ಟಾರ್ಚು ಬಿಟ್ಟರೆಂದು ಹೆದರಿ ನಾನು ಕಿಂಡಿ ಮುಚ್ಚಿದ್ದೆ. ನಂತರ ತೆರೆಯಲು ಮರೆತೆ. ಆ ಮರೆವು ನನ್ನದೇ ತಪ್ಪು, ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ. ಮುಚ್ಚುವಂತೆ ಮಾಡಿದ ಹೆದರಿಕೆ ಮಾತ್ರ ನಿಯಮ ಹುಟ್ಟಿಸಿದ್ದು.

ತೇವದ ಕಥೆಯೂ ಹೀಗೇ. ಒಂದು ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರು ಆವಿಯಾಗಿ ಹೊರಬರುತ್ತದೆ. ಕೇಳಿದವರು ಮೊದಲು ನಂಬುವುದಿಲ್ಲ, ಉರಿಯುವಾಗ ಗಾಳಿಯ ಆಮ್ಲಜನಕವೂ ಸೇರುವುದರಿಂದ ತೂಕ ಹೆಚ್ಚುತ್ತದೆ. ಮಲಗಿದವರ ಉಸಿರು, ಬೆವರು ಸೇರಿ ರಾತ್ರಿಗೆ ಕಡಿಮೆಯೆಂದರೂ ಒಂದು ಲೋಟ. ಕಿಂಡಿ ಮುಚ್ಚಿದರೆ ಇದೆಲ್ಲ ತಣ್ಣನೆಯ ತಗಡಿನ ಮೇಲೆ ಹನಿಗಟ್ಟಿ, ಇನ್ಸುಲೇಷನ್ನಿನ ಹಿಂದೆ ಇಳಿದು, ಹಾಸಿಗೆಯ ಅಡಿಯಲ್ಲಿ ಬೂಷ್ಟಾಗುತ್ತದೆ. ಎರಡನೇ ಚಳಿಗಾಲದಲ್ಲಿ ನನ್ನ ಕೆಮ್ಮು ಮೂರು ತಿಂಗಳು ಬಿಡಲಿಲ್ಲ. ಹಲಗೆ ಬಿಚ್ಚಿ ನೋಡಿದಾಗ ಹಿಂದೆಲ್ಲ ಕಪ್ಪು.

ಬೇಸಿಗೆಯಲ್ಲಿ ಇನ್ನೊಂದು ಬಗೆ. ಬಿಸಿಲಲ್ಲಿ ಮುಚ್ಚಿ ನಿಂತ ವಾಹನದ ಒಳಗಿನ ತಾಪ ಒಂದು ಗಂಟೆಯಲ್ಲಿ ಹೊರಗಿನದಕ್ಕಿಂತ 20 ಡಿಗ್ರಿ ಸೆಲ್ಸಿಯಸ್‌ನಷ್ಟು ಮೇಲೇರಬಲ್ಲದು. ಅದರಲ್ಲಿ ಹೆಚ್ಚಿನ ಪಾಲು ಮೊದಲ ಅರ್ಧ ಗಂಟೆಯಲ್ಲೇ ಏರಿಬಿಡುತ್ತದೆ. ನೆರಳಿನಲ್ಲಿ ನಿಂತು ಕಿಟಕಿಯೆಲ್ಲ ತೆರೆದು, ಫ್ಯಾನು ಹಾಕಿಕೊಂಡರೆ ಮಾತ್ರ ಬಚಾವು. ಮರಗಳ ಸಾಲಿರುವ ರಸ್ತೆಗಳಲ್ಲೇ ನಿಮ್ಮ ಫಲಕಗಳೂ ಸಾಲಾಗಿವೆ. ರಾತ್ರಿ ಪಾಳಿ ಮುಗಿಸಿ ಹಗಲು ಮಲಗಬೇಕಾದವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ಅವರು ಎಲ್ಲಿಗೆ ಹೋಗಬೇಕು?

ನನ್ನ ಮಾತಿಗೆ ಬರುತ್ತೇನೆ. ನಾನು ಇಲ್ಲಿಗೆ ಬೇಕೆಂದೇ ಬಂದವಳು. ಮೂರು ಕೋಣೆಯ ಮನೆಯಲ್ಲಿದ್ದೆ. ಒಂದು ಕೋಣೆ ನನಗೆ, ಇನ್ನೆರಡು ಸಾಮಾನಿಗೆ. ಆ ಸಾಮಾನನ್ನು ಇಡಲು ಬಾಡಿಗೆ, ಬಾಡಿಗೆ ಕಟ್ಟಲು ದುಡಿಮೆ, ದುಡಿದ ದಣಿವಿಗೆ ಮತ್ತೆ ಏನಾದರೊಂದು ಕೊಳ್ಳುವುದು. ಒಂದು ದಿನ ಕಪಾಟಿನ ಮೇಲಿಂದ ಪೆಟ್ಟಿಗೆಯೊಂದನ್ನು ಇಳಿಸಿದೆ. ಹಿಂದಿನ ಮನೆ ಬಿಟ್ಟಾಗ ಹಚ್ಚಿದ ಟೇಪು ಹಾಗೇ ಇತ್ತು. ಒಳಗೆ ಏನಿದೆಯೆಂದು ನೆನಪಿಲ್ಲದ ಪೆಟ್ಟಿಗೆಗೆ ನಾಲ್ಕು ವರ್ಷ ಸೂರು ಕೊಟ್ಟಿದ್ದೆ. ಅಲ್ಲಿಂದ ಒಂದೊಂದೇ ಬಿಡುತ್ತಾ ಬಂದೆ. ಪಾತ್ರೆ ಪುಸ್ತಕಗಳಲ್ಲಿ ಆಯ್ದಷ್ಟೇ ಉಳಿದವು. ಅಮ್ಮನ ಮರದ ಕುರ್ಚಿ ಕೊಡುವಾಗ ಮಾತ್ರ ಅತ್ತೆ, ಇವತ್ತಿಗೂ ಅದರ ಬಗ್ಗೆ ಸಮಾಧಾನವಿಲ್ಲ. ಈಗ ನನ್ನ ನೆಲ ಸುಮಾರು ಆರು ಚದರ ಮೀಟರು.

ಈ ಬದುಕಿನಲ್ಲಿ ಎಲ್ಲಕ್ಕೂ ಅಳತೆಯಿದೆ. 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿ ತುಂಬಿದ್ದರೆ 1,200 ವಾಟ್-ಅವರ್ ಕರೆಂಟು. ಮೋಡ ಕವಿದ ಮೂರು ದಿನ ಅದರಲ್ಲಿ ಹೇಗೆ ಕಳೆಯಬೇಕೆಂದು ನನ್ನ ಬೆರಳಿಗೇ ಗೊತ್ತು. ನಲವತ್ತು ಲೀಟರ್ ನೀರು ನಾಲ್ಕು ದಿನ ಬರಬೇಕು. ನಲ್ಲಿ ತಿರುಗಿಸಿದರೆ ಬರುತ್ತದೆ, ಗುಂಡಿ ಒತ್ತಿದರೆ ಹೋಗುತ್ತದೆ ಎಂಬ ಬದುಕಿನಲ್ಲಿ ನಾನು ಮೂವತ್ತೆಂಟು ವರ್ಷ ಇದ್ದೆ, ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಈಗ ಪ್ರತಿ ಹನಿಯನ್ನೂ ನಾನೇ ಹೊತ್ತು ತರುತ್ತೇನೆ, ನಾನೇ ಹೊತ್ತು ಹಾಕುತ್ತೇನೆ. ಇದರಲ್ಲಿ ನನಗೆ ನೆಮ್ಮದಿಯಿದೆ, ಹೆಮ್ಮೆಯೂ ಇದೆ.

ಹಾಗೆಂದು ಇದನ್ನು ಕನಸಿನ ಬದುಕೆಂದು ಬಣ್ಣಿಸುವ ಫೋಟೋಗಳನ್ನು ಕಂಡರೆ ನನಗೆ ಕಸಿವಿಸಿ. ತೆರೆದ ಹಿಂಬಾಗಿಲು, ಆಚೆ ಕಡಲು, ಬಿಳಿ ಹೊದಿಕೆ. ಆ ಚಿತ್ರದ ಆಚೆಗೆ, ಅದೇ ರಸ್ತೆಯ ತುದಿಯಲ್ಲಿ, ಹಳೆಯ ಕಾರಿನ ಮುಂದಿನ ಸೀಟು ಹಿಂದಕ್ಕೆ ಒರಗಿಸಿ ಮಲಗುವವರಿದ್ದಾರೆ. ಬಾಡಿಗೆ ಏರಿದ್ದರಿಂದ, ಕೆಲಸ ಹೋದದ್ದರಿಂದ, ಮನೆಯೊಳಗಿನ ಹೊಡೆತ ತಾಳಲಾರದೆ ಹೊರಬಿದ್ದವರು. ಒಬ್ಬ ತಾಯಿ ಇಬ್ಬರು ಮಕ್ಕಳ ಸಮವಸ್ತ್ರವನ್ನು ಹಿಂದಿನ ಕಿಟಕಿಗೆ ತೂಗುಹಾಕಿ ಒಣಗಿಸುತ್ತಿದ್ದರು. ಅದು ಹೊರಗೆ ಕಾಣುತ್ತದೆ, ತೆಗೆಯಿರಿ ಎಂದು ಅವರಿಗೆ ಹೇಳಿಕೊಟ್ಟವಳು ನಾನು. ಆ ಸಲಹೆ ಕೊಡಬೇಕಾಗಿ ಬಂದದ್ದಕ್ಕೆ ನನಗೆ ಈಗಲೂ ಸಂಕಟವಾಗುತ್ತದೆ.

ಆದ್ದರಿಂದ ನನ್ನಂಥವರಿಗೆ ವಿನಾಯಿತಿ ಕೊಡಿ ಎಂದು ನಾನು ಕೇಳುತ್ತಿಲ್ಲ. ‘ಇವರು ಇಷ್ಟಪಟ್ಟು ಬಂದವರು, ಗಾಡಿ ಚೆನ್ನಾಗಿದೆ, ಇರಲಿ ಬಿಡಿ, ಅವರು ಗತಿಯಿಲ್ಲದವರು, ಎಬ್ಬಿಸಿ’ ಎನ್ನುವ ನಿಯಮ ನನಗೆ ಬೇಡ. ಟಾರ್ಚಿನ ಬೆಳಕಿನಲ್ಲಿ ಈ ಭೇದ ಮಾಡುವುದು ಗಾಡಿಯ ಬಣ್ಣ ನೋಡಿಯೇ. ಲಾಸ್ ಏಂಜಲೀಸ್‌ನಲ್ಲಿ ಹಾಗೇ ಆಯಿತು. ವಾಹನವನ್ನು ವಾಸಕ್ಕೆ ಬಳಸಬಾರದು ಎಂಬ 1983ರ ಅಲ್ಲಿಯ ನಿಯಮವನ್ನು 2014ರಲ್ಲಿ ಅಮೆರಿಕದ ಒಕ್ಕೂಟ ವ್ಯವಸ್ಥೆಯ ಒಂಬತ್ತನೇ ವಲಯದ ಮೇಲ್ಮನವಿ ನ್ಯಾಯಾಲಯ ರದ್ದುಮಾಡಿತು. ವಾಸ ಎಂದರೆ ಏನು? ಮಲಗುವುದೋ, ಉಣ್ಣುವುದೋ, ಹೊದಿಕೆ ಇಟ್ಟುಕೊಳ್ಳುವುದೋ? ನಿಯಮ ಅದನ್ನು ಹೇಳಿರಲಿಲ್ಲ. ಅಷ್ಟು ಅಸ್ಪಷ್ಟ ನಿಯಮ ಬಡವರನ್ನೇ ಆರಿಸಿ ಹಿಡಿಯಲು ದಾರಿ ಮಾಡಿಕೊಡುತ್ತದೆ ಎಂದು ನ್ಯಾಯಾಧೀಶರು ಹೇಳಿದರು. ನಗರ ಸುಮ್ಮನಾಗಲಿಲ್ಲ, 2017ರಲ್ಲಿ ವಸತಿ ರಸ್ತೆಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಗಾಡಿಯಲ್ಲಿ ವಾಸ ನಿಷೇಧ ಎಂಬ ಇನ್ನೊಂದು ನಿಯಮ ತಂದಿತು.

ಕಾನೂನಿನ ಭಾಷೆಯಲ್ಲಿ ಮನೆ ಸ್ಥಿರಾಸ್ತಿ, ಗಾಡಿ ಚರಾಸ್ತಿ. ಚರಾಸ್ತಿಯನ್ನು ಎತ್ತಿ ಒಯ್ಯುವುದು ಸುಲಭ. ಸಿಯಾಟಲ್‌ನಲ್ಲಿ 2016ರಲ್ಲಿ ಒಬ್ಬರ ಟ್ರಕ್ಕನ್ನು ನಗರದವರು ಹಾಗೆ ಎತ್ತಿಸಿದರು. ಒಂದೇ ಕಡೆ 72 ಗಂಟೆ ಮೀರಿ ನಿಂತಿತ್ತೆಂಬುದು ಕಾರಣ. ಅವರು ಅದರಲ್ಲೇ ವಾಸವಿದ್ದರು, ದುಡಿಮೆಯ ಹತ್ಯಾರುಗಳೂ ಅದರಲ್ಲೇ ಇದ್ದವು. ಬಿಡಿಸಿಕೊಳ್ಳುವ ಖರ್ಚಿನಲ್ಲಿ 557 ಡಾಲರು ಅವರ ತಲೆಗೆ ಬಿತ್ತು. 2021ರಲ್ಲಿ ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟು ಹೇಳಿದ್ದು ಇದು: ಆ ಟ್ರಕ್ಕು ಅವರ ಮನೆ, ರಾಜ್ಯದ ಕಾನೂನು ಮನೆಗೆ ಕೊಡುವ ರಕ್ಷಣೆ ಅದಕ್ಕೂ ಇದೆ, ಅವರ ಪರಿಸ್ಥಿತಿಗೆ ಆ ದಂಡ ವಿಪರೀತ. ಓದಿದ ದಿನ ವ್ಯಾನಿನ ಒಳಗೋಡೆಯನ್ನು ಸುಮ್ಮನೆ ಮುಟ್ಟಿ ಕೂತಿದ್ದೆ. ನಮ್ಮ ಗಾಡಿಯನ್ನು ಟೋ ಮಾಡಿದರೆ ನಾವು ಕಳೆದುಕೊಳ್ಳುವುದು ವಾಹನವನ್ನಷ್ಟೇ ಅಲ್ಲ. ಔಷಧಿ, ಹಾಸಿಗೆ, ದಾಖಲೆ, ನಾಳೆ ಕೆಲಸಕ್ಕೆ ಹಾಕುವ ಬಟ್ಟೆ, ಎಲ್ಲ ಒಂದೇ ಕೊಕ್ಕೆಗೆ ಸಿಕ್ಕಿ ಹೋಗುತ್ತವೆ.

ನಮ್ಮ ಕಡೆಯ ತಪ್ಪನ್ನೂ ಹೇಳಿಬಿಡುತ್ತೇನೆ. ಶೌಚದ ಡಬ್ಬಿಯನ್ನು ಮಳೆನೀರಿನ ಚರಂಡಿಗೆ ಸುರಿಯುವವರನ್ನು ಕಣ್ಣಾರೆ ಕಂಡಿದ್ದೇನೆ. ಮಳೆನೀರಿನ ಚರಂಡಿ ಎಷ್ಟೋ ಕಡೆ ಶುದ್ಧೀಕರಣವಿಲ್ಲದೆ ನೇರ ಹೊಳೆಗೆ, ಕೆರೆಗೆ ಹೋಗುತ್ತದೆ. ಮನೆಯೊಂದರ ಎದುರು ರಾತ್ರಿ ಹನ್ನೊಂದಕ್ಕೆ ಜನರೇಟರ್ ಹಾಕಿದವರೊಂದಿಗೆ ಜಗಳವಾಡಿದ್ದೇನೆ. ವಾರಗಟ್ಟಲೆ ಒಂದೇ ಕಡೆ ಬೀಡುಬಿಟ್ಟು, ಕುರ್ಚಿ ಮೇಜು ಹರಡಿ, ಕಾಲುದಾರಿಯನ್ನು ಅಂಗಳ ಮಾಡಿಕೊಂಡವರೂ ಇದ್ದಾರೆ. ಇವಕ್ಕೆಲ್ಲ ದಂಡ ಹಾಕಿ. ಕೊಳೆ ಸುರಿದವರಿಗೆ ಜೋರಾಗಿಯೇ ಹಾಕಿ, ನಾನೇ ಸಾಕ್ಷಿ ಹೇಳುತ್ತೇನೆ. ಈ ಒಂದೊಂದು ತಪ್ಪೂ ಹೊರಗಿನಿಂದ ಕಾಣುತ್ತದೆ, ಅದನ್ನು ಹಿಡಿಯಲು ಒಳಗೆ ಮಲಗಿದವರಾರೆಂದು ಇಣುಕಬೇಕಿಲ್ಲ.

ನಿಯಮವೇ ಬೇಡ ಎನ್ನುವುದಿಲ್ಲ, ಬೇರೆ ಬಗೆಯ ನಿಯಮ ಬೇಕು. ಅಂಥವು ಈಗಾಗಲೇ ಇವೆ. ನ್ಯೂಜಿಲೆಂಡ್‌ನ 2011ರ ಕಾನೂನಿನಲ್ಲಿ ಸ್ಥಳೀಯ ಆಡಳಿತದ ಜಾಗದಲ್ಲಿ ವಾಹನ ನಿಲ್ಲಿಸಿ ತಂಗುವುದು ಮೂಲತಃ ಅನುಮತಿಯುಳ್ಳದ್ದು, ನಿರ್ಬಂಧ ಬೇಕೆನ್ನುವ ಆಡಳಿತ ಕಾರಣ ಕೊಟ್ಟು ಉಪನಿಯಮ ಮಾಡಬೇಕು. 2023ರಲ್ಲಿ ಅದನ್ನು ಬಿಗಿಗೊಳಿಸಿದರು. ನೀರು, ಕೊಳೆನೀರು, ಶೌಚದ ವ್ಯವಸ್ಥೆ ಗಾಡಿಯೊಳಗೇ ಇರಬೇಕು, ಶೌಚದ ಪೀಠ ಕದಲದಂತೆ ಕೂರಿಸಿರಬೇಕು, ಅದಕ್ಕೆ ಪ್ರಮಾಣಪತ್ರ ಬೇಕು. ಕಷ್ಟದ ನಿಯಮ, ಆದರೆ ಅದು ಅಳೆಯುವುದು ಗಲೀಜನ್ನು, ನಿದ್ದೆಯನ್ನಲ್ಲ. ಅದೇ ತಿದ್ದುಪಡಿಯಲ್ಲಿ ಮನೆಯಿಲ್ಲದೆ ಗಾಡಿಯಲ್ಲಿ ಬದುಕುವವರನ್ನು ಈ ದಂಡಗಳಿಂದ ಹೊರಗಿಟ್ಟಿದ್ದಾರೆ. ಬೇಕೆಂದು ಬಂದವರನ್ನೂ ಬೇರೆ ದಾರಿಯಿಲ್ಲದವರನ್ನೂ ಬೇರ್ಪಡಿಸಲೇಬೇಕು ಎಂದಾದರೆ ಹೀಗೆ ಬೇರ್ಪಡಿಸಿ: ಭಾರ ನನ್ನ ಮೇಲಿರಲಿ, ಆ ತಾಯಿಯ ಮೇಲಲ್ಲ.

ಜಪಾನಿನಲ್ಲಿ 1993ರಿಂದ ‘ಮಿಚಿ ನೋ ಎಕಿ’ ಎಂಬ ರಸ್ತೆ ಬದಿಯ ತಂಗುದಾಣಗಳಿವೆ, ಈಗ ಸಾವಿರಕ್ಕೂ ಮಿಕ್ಕಿ. ದಿನದ 24 ಗಂಟೆಯೂ ನಿಲುಗಡೆ ಮತ್ತು ಶೌಚಾಲಯ ತೆರೆದಿರಬೇಕು ಎಂಬುದು ಅವುಗಳ ಮೊದಲ ಷರತ್ತು. ವಾಸಕ್ಕಲ್ಲ, ದಣಿದವರು ಕಣ್ಣು ಮುಚ್ಚಿ ಏಳುವುದಕ್ಕೆ. ಅಷ್ಟಾದರೂ ಸಾಕು ಎಷ್ಟೋ ರಾತ್ರಿಗೆ. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ 2004ರಿಂದ ಚರ್ಚುಗಳ, ಕಚೇರಿಗಳ ನಿಲುಗಡೆ ಜಾಗಗಳನ್ನು ಗಾಡಿಯಲ್ಲಿ ವಾಸಿಸುವವರಿಗೆ ರಾತ್ರಿ ಹೊತ್ತು ಬಿಟ್ಟುಕೊಡುತ್ತಾರೆ. ಒಂದೊಂದು ಜಾಗಕ್ಕೆ ಕೆಲವೇ ವಾಹನ, ಸಂಜೆ ಬಂದು ಬೆಳಗ್ಗೆ ಹೊರಡಬೇಕು. ಹಗಲು ತುಂಬಿ ರಾತ್ರಿ ಬರಿದಾಗುವ ಅಂಥ ಬಯಲುಗಳು ಇಲ್ಲದ ಊರಿದೆಯೇ?

ನನ್ನ ಕೋರಿಕೆ ದೊಡ್ಡದಲ್ಲ. ರಾತ್ರಿ ನಿಲ್ಲಲು ಗುರುತು ಹಾಕಿದ ಕೆಲವು ಜಾಗ, ಎಷ್ಟು ದಿನವೆಂಬ ಮಿತಿಯನ್ನೂ ನೀವೇ ಹಾಕಿ. ಅಮೆರಿಕದ ಒಕ್ಕೂಟ ಸರ್ಕಾರದ ಸಾರ್ವಜನಿಕ ಭೂಮಿಯಲ್ಲಿ ಸಾಮಾನ್ಯವಾಗಿ 28 ದಿನಕ್ಕೆ 14 ದಿನ ಎಂಬ ಲೆಕ್ಕವಿದೆ, ನಮ್ಮವರು ಅದನ್ನು ಗೊಣಗದೆ ಪಾಲಿಸುತ್ತಾರೆ. ಒಂದು ನಲ್ಲಿ. ಕೊಳೆನೀರನ್ನೂ ಶೌಚದ ಡಬ್ಬಿಯನ್ನೂ ಒಳಚರಂಡಿಗೆ ಸುರಿಯಲು ಒಂದು ಗುಂಡಿ. ಫ್ರಾನ್ಸ್‌ನ ಸಣ್ಣ ಸಣ್ಣ ಊರುಗಳೂ ಕ್ಯಾಂಪರ್ ವಾಹನಗಳಿಗೆ ಈ ಎರಡನ್ನೂ ಒದಗಿಸಿವೆ. ಸುರಿಯಲು ಜಾಗ ಕೊಟ್ಟ ಮೇಲೂ ಚರಂಡಿಗೆ ಸುರಿದವರನ್ನು ನೀವು ಬಿಡಬೇಡಿ, ನಾವೂ ಬಿಡುವುದಿಲ್ಲ.

ಇನ್ನೊಂದು ಕೋರಿಕೆ ವಿಳಾಸದ್ದು. ಬ್ಯಾಂಕು, ಆಸ್ಪತ್ರೆ, ವಿಮೆ, ಲೈಸೆನ್ಸು, ಮತದಾರರ ಪಟ್ಟಿ, ಎಲ್ಲೆಡೆಯೂ ಕಾಯಂ ವಿಳಾಸ ಎಂಬ ಗೆರೆಯ ಮುಂದೆ ನನ್ನ ಪೆನ್ನು ನಿಲ್ಲುತ್ತದೆ. ಗೆಳತಿಯ ವಿಳಾಸ ಬರೆಯುತ್ತೇನೆ, ಬರೆಯುವಾಗ ಪ್ರತಿ ಸಲವೂ ಸುಳ್ಳು ಹೇಳಿದಂತೆ ಕೈ ತಡೆಯುತ್ತದೆ. ಫ್ರಾನ್ಸ್‌ನಲ್ಲಿ ಅಲೆಮಾರಿ ಸಮುದಾಯಗಳವರು 1969ರ ಕಾನೂನಿನಂತೆ ಸಂಚಾರದ ಪುಸ್ತಕ ಹೊತ್ತು ತಿರುಗಬೇಕಿತ್ತು. ಆ ಕಾನೂನು 2017ರಲ್ಲಿ ಹೋಯಿತು. ನೆಲೆಯಿಲ್ಲದವರು ಊರಿನ ಸಮಾಜ ಸೇವಾ ಕಚೇರಿಯನ್ನೇ ತಮ್ಮ ವಿಳಾಸವಾಗಿ ನೋಂದಾಯಿಸಿ ಅಂಚೆ ಪಡೆಯುವ ದಾರಿ ಅಲ್ಲಿದೆ. ಅಮೆರಿಕದಲ್ಲಿ ಅಂಚೆಯ ಮೂಲಕ ಮತದಾರರಾಗಿ ನೋಂದಾಯಿಸುವ ಒಕ್ಕೂಟದ ಅರ್ಜಿಯಲ್ಲಿ ಒಂದು ಖಾಲಿ ಚೌಕವಿದೆ. ಮನೆ ಸಂಖ್ಯೆಯಿಲ್ಲದವರು ಅದರಲ್ಲಿ ತಾವಿರುವ ಜಾಗದ ನಕ್ಷೆ ಬಿಡಿಸಬಹುದು: ಅಡ್ಡರಸ್ತೆಗಳ ಹೆಸರು, ಹತ್ತಿರದ ಶಾಲೆ ಅಥವಾ ಅಂಗಡಿಗೊಂದು ಚುಕ್ಕಿ, ತಾವಿರುವಲ್ಲಿ ಒಂದು ಗುಣಿಸು ಗುರುತು. ಆ ಅರ್ಜಿ ಬರೆದವರು ಯಾರೋ, ಅವರು ನಮ್ಮನ್ನು ಕಂಡಿದ್ದರು.

ಮುಂದಿನ ಕರಡು ಬರೆಯಲು ಕೂರುವ ಮೊದಲು ನಿಮ್ಮಲ್ಲಿ ಯಾರಾದರೊಬ್ಬರು ನನ್ನ ವ್ಯಾನಿಗೆ ಬನ್ನಿ. ಸಂಜೆ, ಅಡುಗೆ ಹಚ್ಚುವ ಹೊತ್ತಿಗೆ. ಚಪ್ಪಲಿ ಬಿಡಲು ಮೆಟ್ಟಿಲ ಪಕ್ಕ ಜಾಗವಿದೆ, ಕೂರಲು ಹಾಸಿಗೆಯ ಅಂಚಿದೆ. ಮೊದಲು ಕಿಂಡಿ ತೆರೆದಿಟ್ಟು ಸ್ಟವ್ ಹಚ್ಚುತ್ತೇನೆ. ಆಮೇಲೆ, ಅಲಾರಮ್ ಪಕ್ಕದಲ್ಲೇ ಇರುವ ಧೈರ್ಯದಲ್ಲಿ, ಎರಡೇ ಎರಡು ನಿಮಿಷ ಎಲ್ಲ ಮುಚ್ಚಿ ತೋರಿಸುತ್ತೇನೆ. ಗಾಜಿನ ಮೇಲೆ ಮೊದಲ ಹನಿ ಇಳಿಯುವುದನ್ನು ನೀವೇ ನೋಡಬಹುದು. ನಂತರ ಕಿಂಡಿಯನ್ನು ನಿಮ್ಮ ಕೈಯಿಂದಲೇ ತೆರೆಯಿರಿ.

ವಿಶ್ವಾಸದಿಂದ,
ವ್ಯಾನಿನಲ್ಲಿ ವಾಸವಾಗಿರುವ ಒಬ್ಬ ನಾಗರಿಕಳು